ಹಾಡಿದೆ, ಹಾಡುವವರೇ ಇಲ್ಲ!

ಮೊನ್ನೆ ಲ್ಯಾಪ್‌ಟಾಪಿಗೆ ಹೆಡ್‌ಫೋನ್ ಸಿಕ್ಕಿಸಿ ಹಾಡು ಹಾಕಿದ್ರೆ ವಿಚಿತ್ರ ನೋಡಿ... ಪಿಟೀಲು, ಕೊಳಲು ದೂರದಲ್ಲೆಲ್ಲೋ ಕೇಳ್ತಿದೆ, ಹಾಡುವವರ ದನಿಯೇ ಇಲ್ಲ! ಅಜ್ಜಿಯ ಸೋಬಾನೆ ಪದ ಹಾಕಿದೆ. ಅದಂತೂ ಪೂರ್ತಿ ನಿಶ್ಶಬ್ದ. ಅಜ್ಜಿ ಈಗಿಲ್ಲ, ಉಳಿದಿರೋದು ಅದೊಂದೇ ಫೈಲು. ಎದೆ ಧಸಕ್ಕೆಂತು.

ಹೆಡ್‌ಫೋನ್ ಕಿತ್ತು ಸ್ಪೀಕರಿನಲ್ಲಿ ಹಾಕಿದೆ, ಅಜ್ಜಿ ಹಾಡಿದ್ಲು. ಸದ್ಯ, ಫೈಲು ಸರಿ ಇದೆ! ಅದೇ ಹೆಡ್‌ಫೋನು ಮೊಬೈಲಿನಲ್ಲೂ ಸರಿ. ಅಂದ್ರೆ ತೊಂದರೆ ಲ್ಯಾಪ್‌ಟಾಪಿನ ಜ್ಯಾಕಿನಲ್ಲೇ.

ಮೈಕ್ ಇರೋ ಹೆಡ್‌ಫೋನಿನ 3.5 ಮಿ.ಮೀ. ಪಿನ್ನಿನಲ್ಲಿ ನಾಲ್ಕು ಭಾಗ. ತುದಿ ಎಡಕಿವಿಗೆ, ಆಮೇಲಿನದು ಬಲಕಿವಿಗೆ. ಈಗಿನ ಹೆಚ್ಚಿನವುಗಳಲ್ಲಿ ಮೂರನೆಯದು ಎರಡಕ್ಕೂ ಸೇರಿದ ಗ್ರೌಂಡು, ಕೊನೆಯದು ಮೈಕು. ಪಿನ್ನು ಪೂರ್ತಿ ಕೂರದೆ ಗ್ರೌಂಡ್ ತಪ್ಪಿದ್ರೆ ಎಡ-ಬಲದ ವ್ಯತ್ಯಾಸ ಮಾತ್ರ ಕೇಳಿಸುತ್ತೆ. ಗಾಯಕರ ದನಿ ಸಾಮಾನ್ಯವಾಗಿ ಎರಡೂ ಕಡೆ ಒಂದೇ ಸಮ, ಹಾಗಾಗಿ ಮಾಯ! ಅಜ್ಜಿಯದು ಮೋನೋ ರೆಕಾರ್ಡಿಂಗು, ಉಳಿಯೋಕೆ ಏನೂ ಇಲ್ಲ.

ಲ್ಯಾಪ್‌ಟಾಪ್ ಆಫ್ ಮಾಡಿ ಟಾರ್ಚ್ ಬಿಟ್ರೆ, ತೂತಿನ ತಳದಲ್ಲಿ ಬ್ಯಾಗಿನ ನೂಲು, ಧೂಳು ಗಟ್ಟಿಯಾಗಿ ಕೂತಿತ್ತು. ಮರದ ಟೂತ್‌ಪಿಕ್ಕಿನಿಂದ ಮೆಲ್ಲಗೆ ಎತ್ತಿ ತೆಗೆದ ಮೇಲೆ ಪಿನ್ನು ಟಕ್ ಅಂತ ಕೂತಿತು.

ನಿಮ್ಮಲ್ಲೂ ಗಾಯಕರು ಕಾಣೆಯಾದ್ರೆ ಗಾಬರಿ ಬೇಡ, ಮೊದಲು ಪಿನ್ನು ಒತ್ತಿ ನೋಡಿ. ಮತ್ತೆ, ಮನೆಯ ಹಿರಿಯರ ದನಿಯಿರೋ ಫೈಲುಗಳನ್ನ ಇವತ್ತೇ ಇನ್ನೊಂದು ಕಡೆ ಕಾಪಿ ಮಾಡಿಟ್ಕೊಳ್ಳಿ ಕಣ್ರೀ.