ಕುಂದದಂತಿಯ ಚಿಂತೆ

ಸುಂದರಿಯ ದಂತಪಂಕ್ತಿಯನ್ನು ಕುಂದಕುಸುಮಕ್ಕೆ ಹೋಲಿಸುವ ಶ್ಲೋಕಗಳನ್ನು ನಾವು ಮೂವತ್ತು ವರ್ಷ ಪಾಠ ಹೇಳಿದೆವು; ಮನೆಯ ಹುಡುಗಿಗೇ ಆ ಹೋಲಿಕೆ ಮುಳ್ಳಾದೀತೆಂದು ನಮಗೆ ಹೊಳೆದಿರಲಿಲ್ಲ.

ಬಂಗಾರಪೇಟೆಯ ಕಡೆಯ ಹಳ್ಳಿಯಲ್ಲಿ ಕೊಳವೆಬಾವಿಯ ನೀರು ಕುಡಿದು ಬೆಳೆದ ನಮ್ಮ ತಂಗಿಯ ಮಗಳು ನಗುವಾಗಲೆಲ್ಲ ಕೈಯಿಂದ ಬಾಯಿ ಮರೆಮಾಡುತ್ತಿದ್ದಳು. ಹಲ್ಲುಗಳ ಮೇಲೆ ಕಂದುಗೆರೆ. ಕೋಲಾರ ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿರುವುದುಂಟು. ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿಯೇ ನೆಲೆಸಿದ ಈ ಕಲೆ ದಿನನಿತ್ಯ ಉಜ್ಜುವುದರಿಂದ ಹೋಗದು.

ಮದುವೆ ಗೊತ್ತಾದ ಮೇಲೆ ಕೋರಮಂಡಲ್‌ನ ನಮ್ಮ ಮನೆಗೆ ಬಂದು, "ಮಾವಾ, ಹಲ್ಲಿಗೆ ಪಿಂಗಾಣಿ ಹೊದಿಸಿಕೊಳ್ಳಲೇ?" ಎಂದಳು. ದಂತವೈದ್ಯರಲ್ಲಿಗೆ ಕರೆದೊಯ್ದೆವು. ಅಲ್ಲಿ ತಿಳಿದುದಿಷ್ಟು: ವೆನಿಯರ್ ಎಂಬ ಆ ಹೊದಿಕೆ ಸುಮಾರು ಅರ್ಧ ಮಿಲಿಮೀಟರು ದಪ್ಪದ್ದು. ಅದನ್ನು ಅಂಟಿಸಲು ಸಾಮಾನ್ಯವಾಗಿ ಹಲ್ಲಿನ ಎನಾಮೆಲನ್ನು ತುಸು ತೇಯಬೇಕು. ತೇಯ್ದುದು ಮತ್ತೆ ಬೆಳೆಯಲಾರದು. ಹೊದಿಕೆಯೂ ಶಾಶ್ವತವಲ್ಲ; 10–15 ವರ್ಷಗಳಲ್ಲಿ ಬದಲಿಸಬೇಕಾದೀತು. ಹುಳುಕು, ವಸಡಿನ ರೋಗಗಳಿದ್ದರೆ ಮೊದಲು ಅವು ವಾಸಿಯಾಗಬೇಕು. ನಿದ್ರೆಯಲ್ಲಿ ಹಲ್ಲು ಕಡಿಯುವವರಿಗೆ ಅದು ಒಡೆಯುವ ಭಯ ಹೆಚ್ಚು. ಕಲೆ ಆಳವಿಲ್ಲದಿದ್ದರೆ, ವೈದ್ಯರೇ ಮೇಲ್ಪದರವನ್ನು ನವುರಾಗಿ ಉಜ್ಜಿ ಬಿಳುಪುಗೊಳಿಸುವ ವಿಧಾನವನ್ನು ಮೊದಲು ನೋಡುವುದು ಲೇಸು.

ಅವಳು ಅದನ್ನೇ ಆರಿಸಿದಳು. ಕಲೆ ಪೂರ್ತಿ ಮಾಸಲಿಲ್ಲ. ಆದರೆ ಧಾರೆಯ ದಿನ ಅವಳ ಕೈ ಬಾಯಿಗೆ ಹೋಗಲಿಲ್ಲ. ತಾಯಂದಿರು ಕೂಸುಗಳಿಗೆ ಕುಡಿಸುವ ನೀರನ್ನು ಪರೀಕ್ಷೆ ಮಾಡಿಸಲೆಂಬುದೇ ನಮ್ಮ ಬಿನ್ನಹ.