125 ಡಾಲರಿನ ಹುಡುಗಿ

ಸಾರಾ ಕ್ಲಾರ್ಕ್‌ಳಿಗೆ ಬರುತ್ತಿದ್ದ ಸಂಬಳ ತಿಂಗಳಿಗೆ 6 ಡಾಲರ್. ಅದರಲ್ಲೇ ಹೊಟ್ಟೆಬಟ್ಟೆ ಕಟ್ಟಿ 125 ಡಾಲರ್ ಕೂಡಿಸಿದಳು. ಆ ಹಣ ತೆತ್ತು ತನ್ನ ಸೋದರಿಯ ಮಗಳನ್ನು ಗುಲಾಮಗಿರಿಯಿಂದ ಬಿಡಿಸಿಕೊಂಡಳು. ಹುಡುಗಿಯ ತಾತ ದುಡಿದು ತನ್ನನ್ನೂ ಆರು ಮಕ್ಕಳಲ್ಲಿ ನಾಲ್ವರನ್ನೂ ಬಿಡಿಸಿದ್ದ. ಉಳಿದುಹೋದವರಲ್ಲಿ ಹುಡುಗಿಯ ತಾಯಿಯೂ ಒಬ್ಬಳು.

1837ರಲ್ಲಿ ವಾಷಿಂಗ್ಟನ್ನಿನಲ್ಲಿ ಹುಟ್ಟಿದ ಈ ಹುಡುಗಿಯೇ ಫ್ಯಾನಿ ಜಾಕ್ಸನ್. ಹದಿನಾಲ್ಕರ ವಯಸ್ಸಿಗೆ ನ್ಯೂಪೋರ್ಟ್ ಪಟ್ಟಣದ ಶ್ರೀಮಂತರೊಬ್ಬರ ಮನೆಗೆಲಸಕ್ಕೆ ಸೇರಿದಳು. ಬಂದ ಸಂಬಳದಲ್ಲಿ ದಿನ ಬಿಟ್ಟು ದಿನ ಒಂದು ಗಂಟೆ ಪಾಠ ಹೇಳಿಸಿಕೊಂಡಳು. ಟ್ಯೂಷನ್ ಎಂದರೆ ಮುಖ ಸಿಂಡರಿಸುವ ನಮ್ಮ ಮಕ್ಕಳಿಗೆ ಇದು ವಿಚಿತ್ರವೆನಿಸಬಹುದು.

1860ರಲ್ಲಿ ಒಹಾಯೊದ ಓಬರ್ಲಿನ್ ಕಾಲೇಜು ಸೇರಿದಳು. ಗ್ರೀಕ್, ಲ್ಯಾಟಿನ್, ಗಣಿತಗಳಿದ್ದ 'ಗಂಡಸರ ಕೋರ್ಸ್' ಹೆಂಗಸರಿಗೆ ನಿಷಿದ್ಧವೇನಲ್ಲ; ಆದರೆ ತೆಗೆದುಕೊಳ್ಳಿ ಎಂದು ಯಾರೂ ಹೇಳುತ್ತಿರಲಿಲ್ಲ. ಫ್ಯಾನಿ ಅದನ್ನೇ ತೆಗೆದುಕೊಂಡಳು. ತರಗತಿಯಲ್ಲಿ ಉತ್ತರ ಹೇಳಲು ಎದ್ದಾಗಲೆಲ್ಲ ಇಡೀ ಕಪ್ಪು ಜನಾಂಗದ ಮಾನ ತನ್ನ ಹೆಗಲ ಮೇಲಿದೆ ಎಂಬ ಅಳುಕು. ತಪ್ಪಿದರೆ ಬುದ್ಧಿ ಸಾಲದ್ದು ಒಬ್ಬ ಹುಡುಗಿಗಲ್ಲ, ಅವಳ ಜನಕ್ಕೇ ಎಂದಾರು!

ಕೆಳಗಿನ ತರಗತಿಗೆ ಪಾಠ ಹೇಳುವ ಅವಕಾಶ ಕೊಟ್ಟಾಗ, ಬಿಳಿಯ ವಿದ್ಯಾರ್ಥಿಗಳು ತಕರಾರು ತೆಗೆದರೆ ಬಲವಂತ ಮಾಡುವುದಿಲ್ಲ ಎಂದು ಕಾಲೇಜಿನವರು ಮೊದಲೇ ಹೇಳಿಬಿಟ್ಟರು. ತಕರಾರು ಬರಲಿಲ್ಲ. ತರಗತಿ ಬೆಳೆದು ಎರಡಾಗಿ ಒಡೆಯಬೇಕಾಯಿತು. ದಕ್ಷಿಣದಿಂದ ಬಂದ ಬಿಡುಗಡೆಯಾದ ಗುಲಾಮರಿಗೆ ಸಂಜೆ ಶಾಲೆಯನ್ನೂ ಆಕೆ ನಡೆಸಿದಳು.

1865ರಲ್ಲಿ ಪದವಿ ಪಡೆದು ಫಿಲಡೆಲ್ಫಿಯಾದ 'ಇನ್‌ಸ್ಟಿಟ್ಯೂಟ್ ಫಾರ್ ಕಲರ್ಡ್ ಯೂತ್'ಗೆ ಬಂದ ಫ್ಯಾನಿ, ನಾಲ್ಕೇ ವರ್ಷದಲ್ಲಿ ಇಡೀ ಶಾಲೆಯ ಪ್ರಿನ್ಸಿಪಾಲರಾದರು. ಶಾಲೆಯಲ್ಲಿ ಬೆತ್ತದ ಶಿಕ್ಷೆಯನ್ನು ನಿಲ್ಲಿಸಿದರು. ಊರಿನ ಕಸುಬುಗಳ ಬಾಗಿಲು ಕಪ್ಪು ಹುಡುಗರಿಗೆ ಮುಚ್ಚಿತ್ತು. ಓದಿದವರೂ ಕೈಕಟ್ಟಿ ಕೂರಬೇಕೇ ಎಂದು ಕೇಳಿ, ಚಂದಾ ಎತ್ತಲು ಹೊರಟರು. ವರ್ಷಗಟ್ಟಲೆ ಅಲೆದ ಮೇಲೆ 1889ರಲ್ಲಿ ಕಸುಬಿನ ವಿಭಾಗ ತೆರೆಯಿತು: ಮರಗೆಲಸ, ಗಾರೆಗೆಲಸ, ಚಪ್ಪಲಿ ಹೊಲಿಗೆ, ಮುದ್ರಣ, ಹೊಲಿಗೆ, ಅಡುಗೆ. ಹಾಗೆಂದು ಗ್ರೀಕ್, ಲ್ಯಾಟಿನ್ ಪಾಠಗಳನ್ನೇನೂ ಬಿಡಲಿಲ್ಲ.

1902ರಲ್ಲಿ ನಿವೃತ್ತರಾಗಿ ಪತಿ ಲೆವಿ ಕಾಪಿನ್ ಅವರೊಂದಿಗೆ ದಕ್ಷಿಣ ಆಫ್ರಿಕಾಕ್ಕೆ ಹೋದರು. ತೀರಿಕೊಂಡದ್ದು 1913ರಲ್ಲಿ. ಬಾಲ್ಟಿಮೋರಿನ ಒಂದು ವಿಶ್ವವಿದ್ಯಾನಿಲಯಕ್ಕೆ ಈಗ ಕಾಪಿನ್ ಹೆಸರಿದೆ.