ಎರಡು ಊರಿನ ಮಾತ್ರೆ

ನಮ್ಮ ಕಲ್ಲೂರಿನವರು ಕಾಯಿಲೆಗೆ ಬತ್ತೇರಿಗೂ ಹೋಗ್ತೀವಿ, ಮುತ್ತಂಗ ಕಾಡು ದಾಟಿ ಗುಂಡ್ಲುಪೇಟೆಗೂ ಹೋಗ್ತೀವಿ. ಹಾಗಾಗಿ ನಮ್ಮವ್ವನ ಡಬ್ಬಿಯಲ್ಲಿ ಎರಡೂ ಊರಿನ ಸಕ್ಕರೆ ಮಾತ್ರೆ ಸೇರಿದ್ದವು. ಹೆಸರು ಬೇರೆ, ಬಣ್ಣ ಬೇರೆ. ಕೇರಳದಲ್ಲಿ 2008ರ ಪಾಲಿಯೇಟಿವ್ ನೀತಿ ಬಂದ ಮೇಲೆ ಹಾಸಿಗೆ ಹಿಡಿದವರ ಮನೆಗೇ ನರ್ಸಮ್ಮ ಬರ್ತಾರೆ. ಅವರು ಸಣ್ಣಕ್ಷರ ಓದಿ, ಎರಡರೊಳಗೂ ಗ್ಲಿಮೆಪಿರೈಡೇ ಇದೆ ಅಂದರು. ಡಾಕ್ಟರನ್ನು ಕೇಳಿ ಒಂದನ್ನು ತೆಗೆಸಿದರು. ಜೋಡಿ ನುಂಗಿದರೆ ಸಕ್ಕರೆ ತೀರ ಇಳಿದು ಬೆವರು, ನಡುಕ ಬಂದು ಎಚ್ಚರವೂ ತಪ್ಪಬಹುದು. ಪದದ ಸೊಲ್ಲನ್ನು ಎರಡು ಸಲ ಹಾಡಿದರೆ ಸೊಗಸು, ಮಾತ್ರೆಗೆ ಅದು ಸಲ್ಲದು.

ಒಳ್ಳೆಯ ವೃದ್ಧಾಶ್ರಮದಲ್ಲಿ ಮದ್ದು ಕೊಟ್ಟ ಕೂಡಲೇ ಪುಸ್ತಕದಲ್ಲಿ ಬರೀತಾರೆ. ಮನೆಯಲ್ಲೂ ಕೊಡೋರು ಒಬ್ಬರೇ ಇರಲಿ, ಕೊಟ್ಟದ್ದನ್ನು ಬರೆಯಲಿ. ಯಾವ ಊರಿನ ಡಾಕ್ಟರ ಹತ್ತಿರ ಹೋದರೂ ಮಾತ್ರೆ ಡಬ್ಬಿ ಜೊತೆಗೇ ಬರಲಿ.